ತಾರಸಿಯ ಮೇಲಿನ ಪಿಎಚ್.ಡಿ.

ತೊಂಬತ್ತರ ದಶಕದಲ್ಲಿ ಎರಡು ಬೇಸಿಗೆಗಳನ್ನು ನಾನು ಹಣ್ಣುಮೆಣಸಿನಕಾಯಿ ತೂಗುತ್ತ ಕಳೆದೆ.

ನಮ್ಮ ಮನೆಯವರು ಕನಕಪುರ ರಸ್ತೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಲೆಕ್ಚರರ್. ಪಿಎಚ್.ಡಿ. ಆಗದೆ ಪ್ರೊಫೆಸರ್ ಆಗುವಂತಿರಲಿಲ್ಲ. ಬಿಸಿಲಿನಲ್ಲಿ ಕಾಯಿ, ಹಣ್ಣು ಒಣಗಿಸುವ ಗಾಜಿನ ಮುಚ್ಚಳದ ಪೆಟ್ಟಿಗೆಯೊಂದು ಅವರ ಸಂಶೋಧನೆ. ಕಾಲೇಜಿನ ಮೇಲೆ ಕಂಪ್ಯೂಟರ್ ಸೈನ್ಸ್‌ಗೆಂದು ಇನ್ನೊಂದು ಮಹಡಿ ಏಳುತ್ತಿತ್ತು. ಆ ಸಿಮೆಂಟ್ ಧೂಳಿನಲ್ಲಿ ಪ್ರಯೋಗ ಸಾಧ್ಯವಿಲ್ಲವೆಂದು ಪೆಟ್ಟಿಗೆ ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ತಾರಸಿಗೆ ಬಂತು.

"ಗಂಟೆಗೊಂದ್ಸಲ ಥರ್ಮಾಮೀಟರ್ ನೋಡಿ ಬರಿ, ತಟ್ಟೆ ತೂಕ ಹಾಕು, ಅಷ್ಟೆ. ನೀನು ಹೇಗೂ ಮನೇಲೇ ಇರ್ತೀಯಲ್ಲ" ಅಂದರು.

ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನಾನು ಗಂಟೆಗೊಮ್ಮೆ ಮೆಟ್ಟಿಲು ಹತ್ತಿದೆ. ಕುಕ್ಕರ್ ಕೂಗುವುದಕ್ಕೂ ತಾರಸಿಯ ಹೊತ್ತಿಗೂ ಜಗಳವಾಗದಂತೆ ಅಡುಗೆಯ ಸಮಯವನ್ನೇ ಬದಲಿಸಿದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಹಾಗೆ ಪುಸ್ತಕದ ಅಂಚಿಗೆ ಗೆರೆ ಹಾಕಿ, ಶಾಯಿ ಪೆನ್ನಿನಲ್ಲಿ ಬರೆದೆ. ನೋಡದ ಹೊತ್ತನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ಕಾರಣ ಬರೆಯುತ್ತಿದ್ದೆ: ಮಗಳಿಗೆ ಜ್ವರ, ಅತ್ತೆಯನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದದ್ದು.

ಮೊದಲ ಬೇಸಿಗೆಯಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಬೆಳಗಿನ ಮೊದಲ ಗಂಟೆ ಗಾಜಿನ ಒಳಮೈಯಲ್ಲಿ ನೀರು ಹನಿಗಟ್ಟಿ ಮತ್ತೆ ಮೆಣಸಿನಕಾಯಿಯ ಮೇಲೇ ತೊಟ್ಟಿಕ್ಕುತ್ತಿತ್ತು, ಇಡ್ಲಿ ಪಾತ್ರೆಯ ಮುಚ್ಚಳದಂತೆ. ಶಾಖ ಹೋದೀತೆಂದು ಇವರು ಹಿಂಬದಿಯ ಕಿಂಡಿಯನ್ನು ಯಾವಾಗಲೂ ಮುಚ್ಚಿಡಿಸುತ್ತಿದ್ದರು. ಒಂದು ದಿನ ನಾನು ಹತ್ತು ಗಂಟೆಯವರೆಗೆ ಅದನ್ನು ಪೂರ್ತಿ ತೆರೆದಿಟ್ಟು, ಆಮೇಲೆ ಅರ್ಧ ಮುಚ್ಚಿದೆ. ಮೂರು ದಿನ ಹಿಡಿಯುತ್ತಿದ್ದ ಕಾಯಿ ಎರಡೇ ದಿನಕ್ಕೆ ಗಲಗಲ ಅಂದಿತು. ತಟ್ಟೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿ, ಇಡ್ಲಿ ಪಾತ್ರೆಯ ಹೋಲಿಕೆ ಹೇಳಿದಾಗ ಇವರು ಮಗುವಿನಂತೆ ನಕ್ಕುಬಿಟ್ಟರು. "ಏ, ನೀನೇ ಗೈಡ್ ಆಗ್ಬಿಡು ನಂಗೆ!" ಅಂದರು. ಆ ಮಾತನ್ನು ನಾನು ಎಷ್ಟು ದಿನ ಮೆಲುಕು ಹಾಕಿದೆನೋ.

ಎರಡನೆಯ ಬೇಸಿಗೆ ಮುಗಿದ ಮೇಲೆ, ಒಂದು ಭಾನುವಾರ, ಅವರ ನಿಜವಾದ ಗೈಡ್ ಮನೆಗೆ ಬಂದರು. ಕಾಫಿ ಕುಡಿಯುತ್ತ ಪುಸ್ತಕ ತಿರುವಿಹಾಕಿದರು.

"ಯಾರ್ರೀ ಇದು, ಅಕ್ಷರ?"

"ನಮ್ಮನೆಯವ್ರದು ಸಾರ್."

"ಬಹಳ ಚೆನ್ನಾಗಿದೆ. ಅದೇ ಕಣ್ರೀ ಪ್ರಾಬ್ಲಂ. ನಾಳೆ ವೈವಾದಲ್ಲಿ ಎಕ್ಸ್‌ಟರ್ನಲ್ ಎಕ್ಸಾಮಿನರ್ ಕೇಳಿದ್ರೆ ಏನಂತೀರಿ? ಹೆಂಡ್ತಿ ರಿಸರ್ಚ್ ಮಾಡಿದ್ಲು, ನಾನು ಕ್ಲಾಸ್ ತಗೊಂಡೆ ಅಂತಾನಾ? ಪೂರ್ತಿ ನಿಮ್ಮ ಕೈಯಲ್ಲಿ ಕಾಪಿ ಮಾಡ್ಕೊಳಿ. ಈ ಜ್ವರ, ಕಣ್ಣಿನ ಡಾಕ್ಟ್ರು ಎಲ್ಲಾ ತೆಗೀರಿ." ಆಮೇಲೆ ನನ್ನ ಕಡೆ ತಿರುಗಿ, "ತಪ್ಪು ತಿಳ್ಕೋಬೇಡಿಮ್ಮ. ಕಾಫಿ ಫಸ್ಟ್‌ಕ್ಲಾಸ್" ಅಂದರು.

ಸೌಜನ್ಯ ನನಗೆ ಚಿಕ್ಕಂದಿನಿಂದ ಅಂಟಿದ ರೋಗ. ಇನ್ನೊಂದು ಲೋಟ ಕೊಡಲೇ ಎಂದು ಕೇಳಿದೆ.

ಮರುದಿನದಿಂದ ಊಟದ ಮೇಜಿನ ಮೇಲೆ ನಕಲು ಶುರುವಾಯಿತು. ನಾನು ಓದಿ ಹೇಳಬೇಕು, ಇವರು ಬರೆಯಬೇಕು. ಖಾಲಿ ಜಾಗ ಬಂದಲ್ಲೆಲ್ಲ ಪೆನ್ನು ನಿಲ್ಲುತ್ತಿತ್ತು.

"ಹನ್ನೊಂದಕ್ಕೆ ನಲವತ್ತೆಂಟು, ಒಂದಕ್ಕೆ ಐವತ್ತಾರು. ಸರಿ, ಹನ್ನೆರಡಕ್ಕೆ ಐವತ್ತೆರಡು" ಎಂದು ಇವರೇ ತುಂಬಿಕೊಂಡರು.

"ಅವತ್ತು ಹನ್ನೆರಡಕ್ಕೆ ಮೋಡ ಇತ್ತು ರೀ. ಅಷ್ಟು ಬಂದಿರಲ್ಲ."

"ನೀನೇನು ಹೋಗಿ ನೋಡಿದ್ಯಾ?"

"ಮಗೂಗೆ ಒದ್ದೆಬಟ್ಟೆ ಹಾಕ್ತಾ ಕಿಟಕಿ ಹತ್ರಾನೇ ಕೂತಿದ್ನಲ್ಲ."

"ಮೋಡಾನ ಕರ್ಕೊಂಬಂದು ಸಾಕ್ಷಿ ಹೇಳಿಸಕ್ಕಾಗಲ್ಲ. ಮುಂದೆ ಓದು."

ಓದಿದೆ. ನನ್ನ ಬರಹವನ್ನು ಅಳಿಸಲು ನನ್ನ ದನಿಯೇ ಬೇಕಾಗಿತ್ತು. ಅದನ್ನು ಹತ್ತು ದಿನ, ಎಲ್ಲೂ ತಡವರಿಸದೆ ಕೊಟ್ಟೆ. ಆ ದಿನಗಳಲ್ಲಿ ನನ್ನನ್ನು ಸಮಾಧಾನ ಮಾಡಿದ್ದು ಒಂದೇ ಯೋಚನೆ: ಕಿಂಡಿಯ ವಿಷಯವನ್ನಂತೂ ಇವರು ನನ್ನದೆಂದು ಹೇಳುತ್ತಾರೆ. ಹೇಳದೆ ಇರುವುದು ಹೇಗೆ?

ಪ್ರಬಂಧ ಅಚ್ಚಾಗಿ ಬಂದಾಗ ಕೃತಜ್ಞತೆಯ ಪುಟ ತೆರೆದೆ. ಗೈಡ್, ಪ್ರಿನ್ಸಿಪಾಲ್, ಮ್ಯಾನೇಜ್‌ಮೆಂಟ್, ಪೆಟ್ಟಿಗೆ ಮಾಡಿಕೊಟ್ಟ ವರ್ಕ್‌ಶಾಪಿನವರು. ಕೊನೆಯಲ್ಲಿ, ಕುಟುಂಬದವರ ತಾಳ್ಮೆಗೆ. ಪರವಾಗಿಲ್ಲ, ವೈವಾ ಇದೆಯಲ್ಲ ಅಂದುಕೊಂಡೆ.

ವೈವಾದ ದಿನ ಮೈಸೂರು ಸಿಲ್ಕ್ ಉಟ್ಟು ಮೂರನೆಯ ಸಾಲಿನಲ್ಲಿ ಕೂತೆ. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ವಯಸ್ಸಾದವರು, ಮೆದು ಮಾತಿನವರು. ಸಾಕಷ್ಟು ಪ್ರಶ್ನೆಗಳಾದ ಮೇಲೆ ಕನ್ನಡಕ ತೆಗೆದು, "ಇಡೀ ಥೀಸಿಸ್‌ನಲ್ಲಿ ನಂಗೆ ಬಹಳ ಇಷ್ಟ ಆಗಿದ್ದು ಆ ಮೊದಲ್ನೇ ಗಂಟೆ ಕಿಂಡಿ ತೆರೆಯೋದು. ಎಲ್ಲರೂ ಶಾಖ ಉಳಿಸಕ್ಕೆ ನೋಡ್ತಾರೆ. ನಿಮಗೆ ಇದು ಹೇಗೆ ಹೊಳೀತು?" ಅಂದರು.

ಇವರು ನನ್ನತ್ತ ನೋಡಿದರು. ನನ್ನ ಮುಖದಲ್ಲಿ ಏನಿತ್ತೋ ಗೊತ್ತಿಲ್ಲ, ನಗು ಬರುವುದರಲ್ಲಿತ್ತು.

"ಟ್ರಯಲ್ ಅಂಡ್ ಎರರ್ ಸಾರ್" ಅಂದರು.

ಚಪ್ಪಾಳೆ ತಟ್ಟುವಾಗ ನಾನೂ ತಟ್ಟಿದೆ. ಆಟೋದಲ್ಲಿ ಬರುವಾಗ ಕೇಳಿದೆ, "ಒಂದ್ಮಾತು ಹೇಳಬಹುದಿತ್ತಲ್ಲ?"

"ಅಷ್ಟು ಜನದ ಮುಂದೆ ಹೆಂಡ್ತಿ ಇಡ್ಲಿ ಪಾತ್ರೆ ಕಥೆ ಹೇಳಕ್ಕಾಗತ್ತಾ? ನಗ್ತಿದ್ರು."

ಆ ಹಿರಿಯರು ನಗುತ್ತಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದರು.

ಮುಂದಿನ ವರ್ಷ ಇವರಿಗೆ ಹೊಸ ಪ್ರಾಜೆಕ್ಟ್ ಬಂತು, ಈ ಸಲ ದ್ರಾಕ್ಷಿ. ಕಾಲೇಜಿನ ಮಹಡಿ ಎಂದೋ ಮುಗಿದಿದ್ದರೂ ಪೆಟ್ಟಿಗೆ ನಮ್ಮಲ್ಲೇ ಇತ್ತು. ಥರ್ಮಾಮೀಟರ್ ನೋಡಿ ಬರೆಯುವವಳು ಇಲ್ಲಿದ್ದಳಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಹೊಸ ಪುಸ್ತಕ ಇಟ್ಟು, "ಸೋಮವಾರದಿಂದ ಶುರು ಮಾಡೋಣ" ಅಂದರು.

"ಮೊದಲ್ನೇ ಪುಟದಲ್ಲಿ ನನ್ನ ಹೆಸರು ಬರೀರಿ. ಮಾಡ್ತೀನಿ."

ತಮಾಷೆಯೆಂದುಕೊಂಡು ನಕ್ಕರು. ನಾನು ನಗಲಿಲ್ಲ. ಪುಸ್ತಕ ಎರಡು ದಿನ ಕಟ್ಟೆಯ ಮೇಲೇ ಇತ್ತು. ಮೂರನೆಯ ದಿನ ಟೆಂಪೋ ತಂದು, ನಾಲ್ಕು ಜನರಿಂದ ಪೆಟ್ಟಿಗೆ ಇಳಿಸಿ ಕಾಲೇಜಿಗೆ ಸಾಗಿಸಿದರು. "ಮೆಟ್ಟಿಲ ತಿರುವಿನಲ್ಲಿ ಹುಷಾರು, ಗಾಜು" ಎಂದು ಅವರಿಗೆ ಕೂಗಿ ಹೇಳಿದವಳು ನಾನೇ.