ರವಿವಾರದ ಗಾಡಿ ಮತ್ತು ಹುಗ್ಗಿಯ ಬೋಗಾಣಿ

ಮಚ್ಛೆಯ ಕೈಗಾರಿಕಾ ಪ್ರದೇಶದಲ್ಲಿ ಗುರುಪುತ್ರಪ್ಪನವರದು ಮೂರು ಲೇಥ್ ಯಂತ್ರಗಳ ಪುಟ್ಟ ಕಾರ್ಖಾನೆ. ವಾಹನಗಳ ಗೇರ್‌ಬಾಕ್ಸಿನೊಳಗೆ ಯಾರ ಕಣ್ಣಿಗೂ ಬೀಳದೆ ತಿರುಗುವ ಒಂದು ಉಕ್ಕಿನ ದಂಡವನ್ನು ಅವರು ಮೂವತ್ತೊಂದು ವರ್ಷಗಳಿಂದ ಕಡೆಯುತ್ತಿದ್ದಾರೆ. ಲಿಂಗಪೂಜೆ ಮುಗಿಸದೆ ಯಂತ್ರದ ಗುಂಡಿ ಒತ್ತಿದವರಲ್ಲ. ಕಾಯಕವನ್ನು ಪೂಜೆಗಿಂತ ಕೆಳಗಿಟ್ಟವರೂ ಅಲ್ಲ. ಇಂಥ ಸಾತ್ವಿಕರು ಐವತ್ತೆಂಟನೆಯ ವಯಸ್ಸಿನಲ್ಲಿ ಒಂದು ಸ್ಪೋರ್ಟ್ಸ್ ಕಾರು ಕೊಳ್ಳಬೇಕೆಂದಿದ್ದೇನೆ ಎಂದಾಗ, ನಾನು ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟೆ.

"ಶರಣ್ರ, ನಾ ಕಡದ ದಂಡ ಮಂದಿ ಗಾಡ್ಯಾಗ ತಿರಗತೈತಿ. ಎಷ್ಟ ಜೋರ ತಿರಗತೈತಿ ಅಂತ ನನಗ ಇನ್ನೂ ಗೊತ್ತಿಲ್ಲ. ಮೊಣಕಾಲು ಪೂರ್ತಿ ಕೈಕೊಡೂಕಿಂತ ಮೊದಲ ಒಮ್ಮಿ ಕುಂತ ನೋಡಬೇಕ್ರಿ."

ಮನೆಯಲ್ಲಿ ಗಾಡಿ ಇರಲಿಲ್ಲವೆಂದಲ್ಲ. ಏಳು ಜನ ಕೂರುವ, ಎತ್ತರದ, ಬಿಳಿಯ ಡೀಸೆಲ್ ಗಾಡಿಯೊಂದು ವಾರದ ಆರು ದಿನ ಕಬ್ಬಿಣ ಹೊರುತ್ತಿತ್ತು. ಏಳನೆಯ ದಿನ ಭಕ್ತಿಯನ್ನು ಹೊರುತ್ತಿತ್ತು. ಖಾನಾಪುರದ ನಮ್ಮ ಪ್ರಾರ್ಥನಾ ಮಂದಿರದಲ್ಲಿ ಪ್ರತಿ ರವಿವಾರ ನಾನು ನಾಲ್ಕು ಮಾತು ಹೇಳುತ್ತೇನೆ. ಕೇಳಿದ ಅರವತ್ತು ಜನರ ದಾಸೋಹಕ್ಕೆ ಗೋಧಿ ಹುಗ್ಗಿ, ಬೋಗಾಣಿಯೆಂಬ ದೊಡ್ಡ ಪಾತ್ರೆಯ ತುಂಬ, ಹತ್ತೊಂಬತ್ತು ವರ್ಷಗಳಿಂದ ಗುರುಪುತ್ರಪ್ಪನವರ ಬೆಳಗಾವಿಯ ಮನೆಯಿಂದಲೇ ಬರುತ್ತದೆ. ನನ್ನ ಮಾತಿಗಾಗಿ ಬರುವವರೆಷ್ಟು, ಹುಗ್ಗಿಗಾಗಿ ಬರುವವರೆಷ್ಟು ಎಂದು ನಾನು ಎಂದೂ ವಿಚಾರಿಸಿಲ್ಲ.

ಬಿಳಿಯ ಗಾಡಿ ಇರಲಿ, ರವಿವಾರಕ್ಕೆಂದು ಇನ್ನೊಂದು ಇರಲಿ ಎಂದು ಗುರುಪುತ್ರಪ್ಪನವರು ಮನೆಯಲ್ಲಿ ವಿಷಯವನ್ನು ಮುಂದಿಟ್ಟರು. ಅವರ ಪತ್ನಿ ಗಂಗಾದೇವಿಯವರು ಸಿಟ್ಟಾಗಲಿಲ್ಲ.

"ತಗೋರಿ. ಆದ್ರ ರವಿವಾರದ ಗಾಡಿ ಅಂದಮ್ಯಾಲ ರವಿವಾರದ ಕೆಲಸ ಮಾಡಬೇಕು. ಬೋಗಾಣಿ ಹಿಡಿಸಬೇಕು."

ಹೀಗಾಗಿ ನಾವು ಆಟೋ ನಗರಕ್ಕೆ, ಹಳೆಯ ಕಾರುಗಳ ವ್ಯಾಪಾರಿ ಗಜಾನನರ ಅಂಗಳಕ್ಕೆ, ಹುಗ್ಗಿಯ ಖಾಲಿ ಬೋಗಾಣಿಯ ಸಮೇತ ಹೋದೆವು. ಗುರುಪುತ್ರಪ್ಪನವರ ತಾಯಿ ಕಾಶವ್ವನವರೂ ಬಂದಿದ್ದರು.

"ಸಾಹೇಬ್ರ, ಮಂದಿ ಮೈಲೇಜ್ ಕೇಳತಾರ," ಎಂದರು ಗಜಾನನರು. "ನೀವು ಬೋಗಾಣಿ ತಂದೀರಿ."

"ಮೈಲೇಜ್ ನಿಮಗ ಇರಲಿ," ಎಂದರು ಗಂಗಾದೇವಿ. "ನಮಗ ಖಾನಾಪುರ ಮುಟ್ಟಿದ್ರ ಸಾಕು."

ಮೊದಲನೆಯದು ನೀಲಿ. ಅದರ ಹಿಂದಿನ ಸೀಟು ಹೆಸರಿಗಷ್ಟೇ ಇತ್ತು. ಬೋಗಾಣಿಯ ಕಿವಿ ಬಾಗಿಲಿಗೆ ಸಿಕ್ಕಿಕೊಂಡು, ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಎರಡನೆಯದು ಹಳದಿ. ಅದಕ್ಕೆ ಎಂಜಿನ್ ಹಿಂದೆ, ಸಾಮಾನಿಡುವ ಜಾಗ ಮುಂದೆ. ಕಾಶವ್ವ ಅದನ್ನು ಎರಡು ಸುತ್ತು ಹಾಕಿ ನೋಡಿದರು.

"ತಾ ಯಾ ಕಡೆ ಹೊಂಟೇನಿ ಅಂತ ಇದಕ್ಕರ ಗೊತ್ತೈತೇನಪಾ?"

ಮೂರನೆಯದು ಕೆಂಪು. ಎರಡೇ ಸೀಟು, ಮಡಚುವ ಬಟ್ಟೆಯ ಛಾವಣಿ. ಛಾವಣಿ ತೆಗೆದು ಮೇಲಿನಿಂದ ಇಳಿಸಿದಾಗ ಬೋಗಾಣಿ ಪಕ್ಕದ ಸೀಟಿನಲ್ಲಿ ಬೀಗರಂತೆ ಕುಳಿತಿತು, ಬೆಲ್ಟೂ ಸರಿಹೋಯಿತು. ಗುರುಪುತ್ರಪ್ಪನವರು ಚಾಲಕನ ಸೀಟಿಗೆ ಇಳಿದರು. ಇಳಿದದ್ದು ಸುಲಭವಾಯಿತು. ಮೇಲೆತ್ತಲು ಒಂದು ಕೈಯನ್ನು ನಾನು, ಇನ್ನೊಂದನ್ನು ಗಜಾನನರು ಹಿಡಿಯಬೇಕಾಯಿತು. ಆದರೂ ಆ ಮುಖದಲ್ಲಿ, ದೀಕ್ಷೆಯ ದಿನ ಮಕ್ಕಳ ಮುಖದಲ್ಲಿ ಕಾಣುವಂಥ ಕಳೆ ಇತ್ತು.

"ಬೋಗಾಣಿ ಕುಂತಿತು," ಎಂದರು ಕಾಶವ್ವ. "ನನ್ನ ಸೊಸಿ ಎಲ್ಲಿ ಕುಂದರಬೇಕು?"

ಮಗ ಹೊರಗಿನಿಂದಲೇ ಬಾಗಿ ಸ್ಟೇರಿಂಗನ್ನು ಒರೆಸತೊಡಗಿದರು.

"ನಾ ಬಿಳೇ ಗಾಡಿ ನಡಸ್ತೀನಿ ಬಿಡ್ರಿ ಅತ್ತಿ," ಎಂದರು ಗಂಗಾದೇವಿ. "ಈ ರವಿವಾರ ಹುಗ್ಗಿ ಹಾಕ್ಕೊಂಡು ಹೋಗಿ ನೋಡೂಣು. ತುಂಬಿದ ಬೋಗಾಣಿ ತುಂಬಿದಂಗ ಮಂದಿರ ಮುಟ್ಟಬೇಕು. ಒಂದ್ ಸೌಟು ಕಡಿಮಿ ಆತಂದ್ರ ಗಾಡಿ ವಾಪಸ್."

ರವಿವಾರ ಬೆಳಿಗ್ಗೆ ಮೆರವಣಿಗೆ ಹೊರಟಿತು. ಮುಂದೆ ಕೆಂಪು ಕಾರಿನಲ್ಲಿ ಗುರುಪುತ್ರಪ್ಪನವರು ಮತ್ತು ಹುಗ್ಗಿ. ಹಿಂದೆ ಬಿಳಿಯ ಗಾಡಿಯಲ್ಲಿ ಗಂಗಾದೇವಿ, ಕಾಶವ್ವ, ತಮ್ಮ ಕಾರಿನ ಕಾಳಜಿಗೆ ಬಂದ ಗಜಾನನರು ಮತ್ತು ನಾನು. ನನ್ನ ಜೋಳಿಗೆಯಲ್ಲಿ ಆಸೆ ಎಂಬ ವಿಷಯವಾಗಿ ಬರೆದಿಟ್ಟ ಪ್ರವಚನವಿತ್ತು. ಯಾರ ಹಿತಕ್ಕಾಗಿ ಬರೆದದ್ದೆಂದು ಹೇಳಬೇಕಾಗಿಲ್ಲ.

ಹೆದ್ದಾರಿಯುದ್ದಕ್ಕೂ ಕೆಂಪು ಕಾರು, ತುಂಬಿದ ಕೊಡ ಹೊತ್ತ ಗೃಹಿಣಿಯಂತೆ ಮೆಲ್ಲಗೆ ಸಾಗಿತು. ಸೈಕಲ್ ಒಂದು ಅದನ್ನು ದಾಟಿಹೋಯಿತು. ಖಾನಾಪುರ ಸಮೀಪಿಸಿ ಒಳದಾರಿಗೆ ತಿರುಗಿದ ಮೇಲೆ, ಬಸ್ ನಿಲ್ದಾಣದ ಎದುರಿನ ರಸ್ತೆಯುಬ್ಬಿಗೆ ಕಾರಿನ ಹೊಟ್ಟೆ ಗರ್ರನೆ ತಾಗಿತು. ಗಜಾನನರು ಓಡುವ ಗಾಡಿಯಿಂದಲೇ ಇಳಿಯಲು ಹೊರಟರು.

"ವಜನ ಇಳಸ್ರಿ ಸಾಹೇಬ್ರ, ಮೊದಲ ವಜನ ಇಳಸ್ರಿ."

ನಾನೂ ಗಜಾನನರೂ ಬೋಗಾಣಿಯನ್ನು ಎತ್ತಿ ರಸ್ತೆಬದಿಯ ಕಟ್ಟೆಯ ಮೇಲಿಟ್ಟೆವು. ಹಗುರಾದ ಕಾರು ಉಬ್ಬನ್ನು ದಾಟಿ ಆಚೆ ನಿಂತಿತು. ಅಷ್ಟರಲ್ಲಿ ಕಾಶವ್ವ ಕಾಲು ಸಡಿಲಿಸಲೆಂದು ಕೆಳಗಿಳಿದು ಬಂದರು. ಉಣ್ಣುವ ಎಲೆಗೆ ಕಾಲು ತಾಗಬಾರದೆಂದು ಪತ್ರಾವಳಿಯ ಕಟ್ಟನ್ನು ಅವರು ಎಂದೂ ಕೆಳಗಿಡುವವರಲ್ಲ. ಈಗಲೂ ಅದು ಕೈಯಲ್ಲೇ ಇತ್ತು.

ಬಸ್ಸಿಗೆ ಕಾಯುತ್ತಿದ್ದವರು ಕಂಡದ್ದು ಇಷ್ಟು: ಕಟ್ಟೆಯ ಮೇಲೆ ಹಬೆಯಾಡುವ ಹುಗ್ಗಿ, ಪಕ್ಕದಲ್ಲಿ ಎಲೆ ಹಿಡಿದ ಹಿರಿಯರು, ಹಣೆತುಂಬ ವಿಭೂತಿ ಧರಿಸಿದ ನಾನು.

"ಪ್ರಸಾದ ಆಹೇ ಕಾ?" ಎಂದು ಮುದುಕರೊಬ್ಬರು ಮರಾಠಿಯಲ್ಲಿ ವಿಚಾರಿಸಿದರು. ಉತ್ತರಕ್ಕೆ ಕಾಯದೆ ಚಕ್ಕಳಮಕ್ಕಳ ಹಾಕಿ ಕುಳಿತರು. ಅವರ ಬಾಜೂ ಇನ್ನೊಬ್ಬರು. ಕಣ್ಣು ಮಿಟುಕಿಸುವಷ್ಟರಲ್ಲಿ ಪಂಕ್ತಿ ಬಸ್ ನಿಲ್ದಾಣದ ಕಂಬದವರೆಗೆ ಬೆಳೆಯಿತು.

ಕುಳಿತ ಪಂಕ್ತಿಯನ್ನು ಎಬ್ಬಿಸುವುದು ನಮ್ಮ ಧರ್ಮವಲ್ಲ. ಅದು ನನಗೆ ಗೊತ್ತಿತ್ತು, ಗಂಗಾದೇವಿಯವರಿಗೂ ಗೊತ್ತಿತ್ತು. ಆದರೆ ಸೌಟು ಎತ್ತಬೇಕಾದವರು ಗುರುಪುತ್ರಪ್ಪನವರು. ಒಂದೊಂದು ಸೌಟಿಗೂ ಅವರ ಕೆಂಪು ಕಾರು ಆಟೋ ನಗರದ ಕಡೆಗೆ ಒಂದೊಂದು ಮೈಲಿ ಹಿಂದೆ ಸರಿಯುವುದಿತ್ತು. ಅವರು ಪಂಕ್ತಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಆಮೇಲೆ ಯಾರ ಕೈಯನ್ನೂ ಬೇಡದೆ, ಆ ತಗ್ಗಿನ ಸೀಟಿನಿಂದ ತಾವೇ ಎದ್ದು ಬಂದರು.

"ಸೌಟ ಕೊಡಬೇ ಯವ್ವಾ."

"ಕೈ ಬಿಚ್ಚಿ ಹಾಕು," ಎಂದರು ಕಾಶವ್ವ.

ಕೈ ಬಿಚ್ಚಿಯೇ ಬಡಿಸಿದರು. ಎರಡನೆಯ ಸಲ ಕೇಳಿದವರಿಗೂ ಬಡಿಸಿದರು. ಬಂದ ಬಸ್ಸಿನ ಕಂಡಕ್ಟರರೂ ಇಳಿದು ಉಂಡರು. ಮುಂದಿನ ಎರಡು ಉಬ್ಬುಗಳನ್ನು ಕೆಂಪು ಕಾರು, ಹೊಟ್ಟೆ ತಾಗಿಸದೆ, ಖಾಲಿ ಬೋಗಾಣಿಯೊಡನೆ ಹಾರಿಕೊಂಡು ದಾಟಿತು.

ಮಂದಿರದಲ್ಲಿ ಅಂದು ಬರೀ ಅನ್ನ ಸಾರು. ಆಸೆಯ ಪ್ರವಚನವನ್ನು ನಾನು ಜೋಳಿಗೆಯಿಂದ ತೆಗೆಯಲಿಲ್ಲ. ಆಸೆಯನ್ನು ಸೌಟಿನಿಂದ ಹಂಚಿದವರ ಮುಂದೆ ಅದನ್ನು ಓದುವ ಯೋಗ್ಯತೆ ನನಗಿರಲಿಲ್ಲ.

ಊಟ ಮುಗಿದ ಮೇಲೆ ಗುರುಪುತ್ರಪ್ಪನವರು ಕೀಲಿಯನ್ನು ಗಜಾನನರತ್ತ ಚಾಚಿದರು. "ಒಂದ್ ಸೌಟಲ್ಲ, ಪೂರಾ ಬೋಗಾಣಿ ಕಡಿಮಿ ಆತು. ಒಯ್ರಿ."

ಗಂಗಾದೇವಿ ನಡುವೆ ಕೈಯೊಡ್ಡಿ ಕೀಲಿ ತೆಗೆದುಕೊಂಡರು.

"ರವಿವಾರದ ಕೆಲಸ ಮಾಡಬೇಕು ಅಂದಿದ್ದೆ. ಮಾಡೇತಲ್ಲ. ಹುಗ್ಗಿ ಇನ್ನ ಮ್ಯಾಲ ಬಿಳೇ ಗಾಡ್ಯಾಗ ಬರ್ಲಿ. ಈಗ ಸರೀರಿ, ಇದು ಹೆಂಗ ಓಡತೈತಿ ನೋಡ್ತೀನಿ."

ಮರಳುವಾಗ ಬಿಳಿಯ ಗಾಡಿಯನ್ನು ಗುರುಪುತ್ರಪ್ಪನವರು ನಡೆಸಿದರು. ಬೋಗಾಣಿ ನನ್ನ ತೊಡೆಯ ಮೇಲಿತ್ತು. ಹೆದ್ದಾರಿ ಸಿಕ್ಕೊಡನೆ ಕೆಂಪು ಕಾರು ಒಮ್ಮೆ ಗುಡುಗಿ, ಗಂಗಾದೇವಿಯವರ ಸೆರಗಿನ ಸಮೇತ ಕಣ್ಮರೆಯಾಯಿತು. ಗುರುಪುತ್ರಪ್ಪನವರು ಕಿಟಕಿ ಇಳಿಸಿ ಕಿವಿಗೊಟ್ಟರು.

"ಕೇಳ್ರಿ ಶರಣ್ರ, ದಂಡ ಹೆಂಗ ತಿರಗತೈತಿ."

"ಅದು ಪರದೇಶದ ಗಾಡಿ ಸಾಹೇಬ್ರ," ಎಂದರು ಗಜಾನನರು. "ನಿಮ್ಮ ದಂಡ ಅಲ್ಲದು."

"ಇರ್ಲಿ ಬಿಡ್ರಿ. ಅಲ್ಲೂ ಯಾರರ ಒಬ್ಬಾಂವ ಮೂವತ್ತ ವರ್ಷ ಕುಂತ ಕಡದಿರ್ತಾನಲ್ಲ."

ಆ ಗುಡುಗು ಪೂರ್ತಿ ಅಡಗಿದ ಮೇಲೆಯೇ ಅವರು ಕಿಟಕಿ ಏರಿಸಿದರು.

"ನಿಮ್ಮ ಪಾಳಿ ಯಾವಾಗ್ರಿ?" ಎಂದು ನಾನು ಕೇಳಿದೆ.

"ಬರೂ ರವಿವಾರ್ರಿ," ಎಂದರು ಅವರು. "ಅಕಿ ಕೀಲಿ ಬಿಟ್ಟಕೊಟ್ರ."