ಬಿರುಕುಗಳ ನಕಲು

ಆ ಆಸ್ಪತ್ರೆಯಲ್ಲಿ ಡಾಕ್ಟರರಿಗಿಂತ ನರ್ಸಮ್ಮನ ಎಡಗಣ್ಣಿಗೇ ಹೆಚ್ಚು ಹೆಸರು. ಅದು ಮುಚ್ಚಿತೆಂದರೆ ಜ್ವರ ಇಳಿದಂತೆಯೇ ಎಂದು ಏಳನೇ ಹಾಸಿಗೆಯವರು ವಾರ್ಡಿಗೆಲ್ಲ ಸಾರಿದ್ದರು. ಹನ್ನೊಂದನೇ ಹಾಸಿಗೆಯ ವಿಧುರರೊಬ್ಬರು ಅದಕ್ಕೆ ಬೇರೆಯೇ ಅರ್ಥ ಹಚ್ಚಿ, ಮೂರು ದಿನ ತಲೆ ಬಾಚಿಕೊಂಡು ಕಾದರು. ಪಾಪ, ಆಕೆ ನೋಡುತ್ತಿದ್ದುದು ಅವರ ಮೂಗಿನ ಪಕ್ಕದ ನೆರಳನ್ನು.

ಹಾಗೆ ಒಂದು ಕಣ್ಣು ಮುಚ್ಚಿ ಮುಖ ಅಳೆಯಲು ಕಲಿಸಿದವರು ಚಿತ್ರದ ಮೇಷ್ಟ್ರು. ಡ್ಯೂಟಿ ಮುಗಿದ ಮೇಲೆ, ಊದಿದ ಕಾಲುಗಳನ್ನು ಎಳೆದುಕೊಂಡು, ವಾರಕ್ಕೆರಡು ಸಂಜೆ ಆಕೆ ಚಿತ್ರಶಾಲೆಗೆ ದಂಡಯಾತ್ರೆ ಹೊರಡುತ್ತಿದ್ದಳು. ಅಲ್ಲಿ ಮುನ್ನೂರು ವರ್ಷದ ಹಿಂದಿನ ತೈಲಚಿತ್ರವೊಂದರಲ್ಲಿ ಬಿಳಿ ತಲೆವಸ್ತ್ರದ ಮುದುಕಿಯೊಬ್ಬಳು ಕೂತಿದ್ದಳು. ಅವಳನ್ನು ನಕಲು ಮಾಡಿ ಮುಗಿಸುವ ತನಕ ಜೀವಂತ ಮುಖದ ತಂಟೆಗೆ ಹೋಗಕೂಡದು ಎಂಬುದು ಮೇಷ್ಟ್ರ ಕಟ್ಟಪ್ಪಣೆ. ನರ್ಸಮ್ಮನಿಗೆ ಬರೆಯಬೇಕಾಗಿದ್ದುದೋ ಒಂದೇ ಮುಖ, ತಾಯಿಯಂತೆ ಸಾಕಿದ ಅಕ್ಕನದು. ಅಕ್ಕನಿಗೆ ಎಪ್ಪತ್ತೆಂಟು, ಹೃದಯ ಆಗಾಗ ರಜೆ ಕೇಳುತ್ತಿತ್ತು.

“ಎರಡು ವರ್ಷದಿಂದ ಯಾರದೋ ಮನೆ ಮುದುಕೀನ ತಿದ್ತಾ ಇದೀಯ. ನಾನು ಗೋಡೆ ಮೇಲೆ ಫೋಟೋ ಆದ್ಮೇಲೆ ಬರೀತೀಯೇನೇ?” ಎಂದು ಅಕ್ಕ ಕುಟುಕುತ್ತಿದ್ದಳು.

ಅಂತೂ ನಕಲು ಮುಗಿಯಿತು. ಮೇಷ್ಟ್ರು ಬಗ್ಗಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಮುದುಕಿಯ ಹಣೆ, ಕೆನ್ನೆ, ತಲೆವಸ್ತ್ರದ ಮೇಲೆಲ್ಲ ಕೂದಲೆಳೆಯಂಥ ಗೆರೆಗಳ ಬಲೆ. ಹಳೆಯ ಬಣ್ಣ ಒಣಗಿ ಬಿಟ್ಟಿದ್ದ ಬಿರುಕುಗಳನ್ನೂ ಆಕೆ ಅತಿ ಸಣ್ಣ ಕುಂಚ ಹಿಡಿದು ಒಂದೂ ಬಿಡದೆ ಬರೆದಿದ್ದಳು. ಅದಕ್ಕೇ ಐದು ತಿಂಗಳು ಹಿಡಿದಿತ್ತು.

ಬಿರುಕು ಆಮೇಲೆ ತಾನಾಗಿ ಬಂದದ್ದು, ಕಲಾವಿದ ಬರೆದದ್ದಲ್ಲ, ಮೊದಲಿಂದ ಶುರು ಮಾಡಿ ಎಂದರು ಮೇಷ್ಟ್ರು. ಆಕೆ ವಾದಿಸಲಿಲ್ಲ. ಅಕ್ಕನ ನಾಡಿಯನ್ನು ದಿನಾ ಹಿಡಿದು ನೋಡುವವಳು ತಾನು, ಇನ್ನೆರಡು ವರ್ಷ ಅದು ಕಾಯುವುದಿಲ್ಲ ಎಂದಷ್ಟೇ ಹೇಳಿ ಕುಂಚಗಳನ್ನು ಒರೆಸತೊಡಗಿದಳು.

ಮೇಷ್ಟ್ರು ಎಂಟು ಹೆಜ್ಜೆ ಹಿಂದೆ ಸರಿದರು. ಅಲ್ಲಿಂದ ಬಿರುಕು ಕಾಣುತ್ತಿರಲಿಲ್ಲ. ಮುದುಕಿಯ ತುಟಿಯಂಚಿನಲ್ಲಿ ಮಾತ್ರ ಉಸಿರು ಆಡುತ್ತಿರುವಂತಿತ್ತು. ಭಾನುವಾರ ಅಕ್ಕನನ್ನು ಕೂರಿಸಿ ಬರೆಯಲು ಕರೆತರುವಂತೆ ಅಪ್ಪಣೆಯಾಯಿತು. ಆದರೂ ಅವರಿಗೆ ತಡೆಯಲಾಗಲಿಲ್ಲ.

“ಅಲ್ಲ ಸಿಸ್ಟರ್, ಐದು ತಿಂಗಳು ಕೂತು ಒಂದೊಂದು ಬಿರುಕನ್ನೂ ಬರೆಯೋದು ಅಂದ್ರೆ ತಪಸ್ಸು. ಇಷ್ಟು ಶ್ರದ್ಧೆ ಎಲ್ಲಿಂದ ಬಂತು ನಿಮಗೆ?”

“ಶ್ರದ್ಧೆ ಅಲ್ಲ ಸಾರ್. ಎಷ್ಟೋ ದಿನ ಡ್ಯೂಟಿ ಮುಗಿಸಿ ಬಂದ್ರೆ ಮುಖ ಬರೆಯೋಕೆ ತ್ರಾಣ ಇರ್ತಿರಲಿಲ್ಲ. ಗೆರೆ ಎಳೆಯೋಕೆ ತಲೆ ಬೇಕಾಗಿರಲಿಲ್ಲ.”