ಮಗ್ಗ ನಿಂತರೆ ಮಾತೂ ನಿಲ್ಲುತ್ತದೆ

ರಬಕವಿಯ ಈ ಓಣಿಯಲ್ಲಿ ಬೆಳಕು ಹರಿಯುವ ಮೊದಲೇ ಮಗ್ಗಗಳು ಏಳುತ್ತವೆ. ಆ ಖಟಖಟದ ನಡುವೆ ಹೆಗಲಿಗೆ ಚೀಲ ಹಾಕಿಕೊಂಡ ದಾನೇಶ್ವರಿ ಒಂದು ಮನೆಯ ಮುಂದೆ ನಿಂತಿದ್ದಾರೆ. ಒಳಗೆ ಹೋಗಬೇಕೋ, ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಬೇಕೋ ಅವರಿಗೇ ತಿಳಿಯುತ್ತಿಲ್ಲ. ರಾತ್ರಿಯೆಲ್ಲ ಯೋಚಿಸಿದರೂ ತಲೆ ಚಿಟ್ಟು ಹಿಡಿದದ್ದಷ್ಟೇ ಲಾಭ.

ದೊಡ್ಡ ಕಾಯಿಲೆಗೆ ಬಿದ್ದ ಮಕ್ಕಳ ಮನೆಯವರು ಆ ದಿನಗಳನ್ನು ಹೇಗೆ ದಾಟುತ್ತಾರೆ ಎಂದು ಒಂದು ವಿಶ್ವವಿದ್ಯಾಲಯದ ಮನಶ್ಶಾಸ್ತ್ರದವರು ಅಧ್ಯಯನ ನಡೆಸುತ್ತಿದ್ದಾರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಮನೆಗಳಿಗೆ ಹೋಗಿ ತಾಯಂದಿರಿಗೆ ಪ್ರಶ್ನೆ ಕೇಳಿ, ಉತ್ತರ ರೆಕಾರ್ಡ್ ಮಾಡಿ ತರುವುದು ದಾನೇಶ್ವರಿಯವರ ಕೆಲಸ. ದಿನಕ್ಕೆ ಎರಡು ಮನೆ ಮುಗಿದರೆ ಹೆಚ್ಚು. ಯಾವ ತಾಯಿ ತನ್ನಿಂದ ಆಗುತ್ತಿಲ್ಲ ಎನ್ನುತ್ತಾಳೋ ಆ ಮನೆಗೆ ಆಪ್ತ ಸಮಾಲೋಚಕಿ ಬರುತ್ತಾರೆ. ಆರಾಮ ಎಂದವರ ಮನೆಗೆ ಯಾರೂ ಬರುವುದಿಲ್ಲ.

ದಾನೇಶ್ವರಿ ಹುಟ್ಟಿದ್ದು ಬನಹಟ್ಟಿಯ ನೇಕಾರರ ಮನೆಯಲ್ಲಿ. ಗಂಡ ತೀರಿದ ಮೇಲೆ ಪವರ್‌ಲೂಮ್ ಶೆಡ್ಡಿನಲ್ಲೇ ದುಡಿದು ಮಗಳನ್ನು ಓದಿಸಿದರು. ದೂಳಿಗೆ ಎದೆ ಕಟ್ಟಿಕೊಂಡಾಗ ಈ ಕೆಲಸ ಸಿಕ್ಕಿತು. ಮೊದಮೊದಲು ಇದೂ ಒಂದು ಕೆಲಸವೇ ಎನಿಸಿತ್ತಂತೆ. ಕಳೆದ ವಾರ ಎಷ್ಟು ಸಲ ಬೇಸರವಾಯಿತು ಎಂದು ರನ್ನ ಬೆಳಗಲಿಯ ತಾಯಿಯೊಬ್ಬಳನ್ನು ಕೇಳಿದ್ದಕ್ಕೆ ಆಕೆ ನಕ್ಕುಬಿಟ್ಟಳು. "ಬ್ಯಾಸರಾನ ಎಣಿಸಾಕ ಬರತೈತೇನ್ರಿ ಅಂದ್ಲು. ನನಗೂ ಎಣಿಸಾಕ ಬರಂಗಿಲ್ಲ," ಎನ್ನುತ್ತಾರೆ ದಾನೇಶ್ವರಿ.

ಈಗಿನ ಗೊಂದಲ ಅದಕ್ಕಿಂತ ದೊಡ್ಡದು. ಈಗ ಎದುರಿಗಿರುವ ಮನೆಯ ಬನಶಂಕರಿಯವರ ಮಗಳು ಪೂನಮ್‌ಗೆ ರಕ್ತದ ಕ್ಯಾನ್ಸರ್. ಎರಡನೇ ತರಗತಿಗೆ ಹೋಗಬೇಕಾದ ಮಗು ಆಸ್ಪತ್ರೆ ಮತ್ತು ಮನೆ ನಡುವೆ ಓಡಾಡುತ್ತಿದೆ. ಹೋದ ವಾರ ದಾನೇಶ್ವರಿ ಬಂದಾಗ, ರೆಕಾರ್ಡಿಂಗ್ ಸ್ಪಷ್ಟವಾಗಿರಬೇಕೆಂಬ ನಿಯಮದಂತೆ ಮಗ್ಗ ನಿಲ್ಲಿಸಲು ಹೇಳಿದರು. ಅತ್ತೆ ರತ್ನಾಬಾಯಿ ಅಲ್ಲೇ ಕಂಡಿಕೆಗೆ ನೂಲು ಸುತ್ತುತ್ತ ಕುಳಿತಿದ್ದರು. ಕೇಳಿದ್ದಕ್ಕೆಲ್ಲ ಬನಶಂಕರಿಯವರದು ಒಂದೇ ಉತ್ತರ, ಎಲ್ಲಾ ಆರಾಮ ಐತ್ರಿ.

ಮತ್ತೆ ಮಗ್ಗ ಶುರುವಾದಾಗ ಬನಶಂಕರಿಯವರ ತುಟಿ ಅಲುಗಾಡಿತು. ಮಗ್ಗದ ಮನೆಯಲ್ಲಿ ಬೆಳೆದವರಿಗೆ ಸದ್ದಿನ ನಡುವೆ ತುಟಿ ನೋಡಿಯೇ ಮಾತು ತಿಳಿಯುವುದು ರೂಢಿ. ದಾನೇಶ್ವರಿಯವರಿಗೆ ತಿಳಿದದ್ದು ಇಷ್ಟು: "ಆಕೀನ್ನ ಎತ್ತಿಕೊಳ್ಳಾಕ ಅಂಜಿಕಿ ಬರತೈತಿ ಅಕ್ಕಾರ. ನಾಳೆ ಕೈತಪ್ಪಿ ಹೋದ್ರ ತಡಕೋಬೇಕಲ್ಲ, ಅದಕ್ಕ ಈಗಿಂದನ ದೂರ ಇಡಾಕತ್ತೇನಿ."

ರೆಕಾರ್ಡರಿನಲ್ಲಿ ಇರುವುದು ಆರಾಮ ಎಂಬ ಮಾತು ಮಾತ್ರ. ಕಂಡದ್ದನ್ನು ಬರೆದರೆ ಯಾರಿಗೂ ಕೇಳಬಾರದೆಂದೇ ಆಡಿದ ಮಾತನ್ನು ಬಯಲಿಗೆ ಎಳೆದಂತೆ. ಬರೆಯದಿದ್ದರೆ ಈ ಮನೆಗೆ ಯಾರೂ ಬರುವುದಿಲ್ಲ. ಅಧ್ಯಯನದ ಹೊಣೆ ಹೊತ್ತ ನಂದಾ ಮೇಡಂಗೆ ಫೋನ್ ಮಾಡಿದರೆ ಅವರು, ಬನಶಂಕರಿಯವರ ಒಪ್ಪಿಗೆ ಇಲ್ಲದೆ ಬರೆಯುವುದು ತಪ್ಪು, ಬಿಟ್ಟುಬಿಡಲೂ ಮನಸ್ಸಿಲ್ಲ ಎಂದರು. ಪಾಪ, ಅವರಾದರೂ ಏನು ಮಾಡಿಯಾರು!

ಕೊನೆಗೂ ದಾನೇಶ್ವರಿ ಒಳಗೆ ಹೋಗುತ್ತಾರೆ. ಈ ಸಲ ಮಗ್ಗ ನಿಲ್ಲಿಸಿ ಎನ್ನುವುದಿಲ್ಲ. ಬನಶಂಕರಿಯವರ ಎದುರು ನಿಂತು, ದನಿ ತೆಗೆಯದೆ ತುಟಿಯಲ್ಲೇ ಕೇಳುತ್ತಾರೆ, ಅವತ್ತಿನ ಮಾತು ಮೇಡಂಗೆ ಹೇಳಲೇ ಎಂದು. ಬನಶಂಕರಿ ಗಾಬರಿಯಿಂದ ತಲೆ ಅಲ್ಲಾಡಿಸಿ, ಮೂಲೆಯಲ್ಲಿ ಕುಳಿತ ಅತ್ತೆಯ ಕಡೆ ಕಣ್ಣು ಹಾಯಿಸುತ್ತಾರೆ. ಪೊರೆ ತೆಗೆಸಿದರೂ ಅತ್ತೆಯ ಕಣ್ಣು ಮಂಜೇ, ಅಷ್ಟು ದೂರದ ತುಟಿ ಕಾಣದು ಎಂಬುದು ಸೊಸೆಯ ನಂಬಿಕೆ.

ಆದರೆ ರತ್ನಾಬಾಯಿ ನೂಲು ಬಿಟ್ಟು ಎದ್ದು ಬರುತ್ತಾರೆ. ಹತ್ತಿರ ನಿಂತು, ಅವರೂ ದನಿಯಿಲ್ಲದೆ ತುಟಿಯಲ್ಲೇ ನುಡಿಯುತ್ತಾರೆ. "ಪರಿ ತೆಗಸಿದ ಮ್ಯಾಲ ನನಗ ಛಲೋ ಕಾಣತೈತಿ. ಅವತ್ತೂ ಕಂಡೈತಿ. ನಾನೂ ಆ ಕೂಸಿನ ಹತ್ರ ಹೋಗಾಕ ಅಂಜಿ ಇಲ್ಲಿ ಮೂಲ್ಯಾಗ ಕುಂದ್ರತೇನಿ. ಹೇಳು ಬೇ, ಹೇಳು."

ಬನಶಂಕರಿ ಅತ್ತೆಯ ಮುಖ ನೋಡುತ್ತಾರೆ. ಆಮೇಲೆ ತಾವಾಗಿಯೇ ಕೈ ಚಾಚಿ ಮಗ್ಗ ನಿಲ್ಲಿಸುತ್ತಾರೆ. ಮಗ್ಗದ ಕೋಣೆ ಒಮ್ಮೆಲೇ ಮೌನವಾಗುತ್ತದೆ. ಒಳಮನೆಯಲ್ಲಿ ಮಲಗಿದ ಮಗು ಕೆಮ್ಮಿದ್ದು ಕೇಳಿಸುತ್ತದೆ.

"ಮೊದಲಿಂದ ಕೇಳ್ರಿ ಅಕ್ಕಾರ," ಎನ್ನುತ್ತಾರೆ, ಈಗ ದನಿ ತೆಗೆದು.

ದಾನೇಶ್ವರಿ ಕಣ್ಣೊರೆಸಿಕೊಂಡು ಮೊದಲ ಪ್ರಶ್ನೆ ಕೇಳುತ್ತಾರೆ, ಈ ಸಲ ಉತ್ತರ ಆರಾಮ ಎಂದಲ್ಲ. ಸಮಾಲೋಚಕಿ ಬರುವುದೇನೋ ಖಾತ್ರಿಯಾಯಿತು. ಆದರೂ ಓಣಿಗೆ ಬಂದ ಮೇಲೆ ದಾನೇಶ್ವರಿಯವರ ತಲೆಯಲ್ಲಿ ಹೊಸ ತೊಡಕು.

"ನಮ್ಮ ಪ್ರಶ್ನಿ ಎಲ್ಲಾ ತಾಯಿಗಷ್ಟ ಅದಾವು. ಮುದುಕಿ ಹೇಳಿದ್ದು ಎಲ್ಲಿ ಬರೀಲಿ ನಾನು? ಅಜ್ಜಿಗೋಳ್ನೂ ಕೇಳೂಣ್ರಿ ಅಂತ ಮೇಡಮ್ಮಗ ಹೇಳಾಕಿ ಅದೇನಿ. ಆಗ್ಲಿ ಅಂದ್ರ ಸಾಕು, ಮುಗಿಸಿದ ಮನಿಗೆಲ್ಲಾ ಇನ್ನೊಮ್ಮೆ ಹೋಗಿ ಬರತೇನಿ."